ಲೇಹ್ ಮನೆಗೆ ಏಳು ಕಿಟಕಿ

ಏಪ್ರಿಲ್ ೯

ಇದು ಅಂಗಡಿಯ ಅಳತೆ ಪುಸ್ತಕ. ಮೂವತ್ತೈದು ವರ್ಷಗಳಿಂದ ಇಂಥ ಪುಸ್ತಕಗಳಲ್ಲಿ ಕಿಟಕಿಗಳ ಅಗಲ, ಎತ್ತರ ಬಿಟ್ಟು ಬೇರೇನನ್ನೂ ಬರೆದವನಲ್ಲ ನಾನು. ಇವತ್ತು ಬರೆಯುತ್ತಿರುವುದೂ ಕಿಟಕಿಯ ವಿಷಯವೇ.

ಬೆಳಿಗ್ಗೆ ಕಾಮಾಕ್ಷಿಪಾಳ್ಯದಲ್ಲಿ ಅಂಗಡಿಯ ಷಟರ್ ಎತ್ತುತ್ತಿದ್ದಾಗ ಲೇಹ್‌ನಿಂದ ಅಳಿಯ ನುರ್ಬು ಫೋನ್ ಮಾಡಿದ. ಅವನು ಆ ಊರಿನವನೇ. ಮದುವೆಯಾದ ಆರು ವರ್ಷಗಳಲ್ಲಿ ಕಲಿತ ಕನ್ನಡವನ್ನೆಲ್ಲ ಮೊದಲ ಅರ್ಧ ನಿಮಿಷದಲ್ಲಿ ಮುಗಿಸಿ ಆಮೇಲೆ ಹಿಂದಿಗೆ ಇಳಿಯುತ್ತಾನೆ. “ಅಪ್ಪಾಜಿ, ಊಟ ಆಯ್ತಾ? ಚೆನ್ನಾಗಿದೀರಾ?” ಎಂದ. ಬೆಳಗಿನ ಒಂಬತ್ತೂವರೆಗೆ ಯಾವ ಊಟ? ಆಯಿತು ಎಂದೆ. ಹೊಸ ಮನೆ ಕಟ್ಟುತ್ತಿದ್ದಾರಂತೆ, ಗೋಡೆ ಎದ್ದಿದೆಯಂತೆ, ಏಳು ಕಿಟಕಿ ಬೇಕಂತೆ. ಈಗಿರುವ ಮನೆಯಲ್ಲಿ ಚಳಿಗಾಲಕ್ಕೆ ಗಾಜಿನ ಒಳಬದಿಯಲ್ಲೇ ಮಂಜುಗಡ್ಡೆ ಕಟ್ಟುತ್ತದೆ, ವಚನಾ ದಿನಾ ಬೆಳಿಗ್ಗೆ ಚಮಚದಲ್ಲಿ ಕೆರೆಯುತ್ತಾಳೆ, ನೀವೇ ಮಾಡಿ ಕಳಿಸಬೇಕು ಎಂದ.

ಆಮೇಲೆ ಫೋನ್ ವಚನಾಳ ಕೈಗೆ ಹೋಯಿತು. ಜನವರಿ ಕೊನೆಯಲ್ಲಿ ಅವಳಮ್ಮನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಹೋದ ಮಗಳು ನನ್ನೊಂದಿಗೆ ಮಾತಾಡಿದ್ದು ಇವತ್ತೇ ಮೊದಲು.

“ಅಪ್ಪ, ಒಂದೇ ಮಾತು ಕೇಳ್ತೀನಿ. ಅಮ್ಮನ ಮುಖ ಹೇಗಿತ್ತು?”

“ಗೋಡೆಯಲ್ಲಿ ಕಿಟಕಿಗೆ ಬಿಟ್ಟಿರೋ ಜಾಗದ ಅಳತೆ ಕಳಿಸು. ಮೇಲೆ, ಮಧ್ಯ, ಕೆಳಗೆ, ಮೂರೂ ಕಡೆ ತಗೋ” ಎಂದೆ.

ಫೋನ್ ಇಟ್ಟಳು.

ನಮ್ಮ ಮನೆಯವರು ತೀರಿಕೊಂಡದ್ದು ಜನವರಿ ಹದಿನಾರು, ಮಂಗಳವಾರ ಬೆಳಗಿನ ಜಾವ, ಆಸ್ಪತ್ರೆಯಲ್ಲಿ. ಬುಧವಾರ ಬೆಳಿಗ್ಗೆ ಲೇಹ್‌ನಲ್ಲಿ ಹಿಮ ಬಿದ್ದು ವಿಮಾನ ಹಾರಲಿಲ್ಲ. ಬುಧವಾರ ಮಧ್ಯಾಹ್ನ ಮಣ್ಣು ಮಾಡಿಸಿದೆ. ಮಗಳು ಬಂದದ್ದು ಗುರುವಾರ ಸಂಜೆ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ; ಮೈ ಸೆಟೆದುಕೊಂಡರೆ ಕೂರಿಸುವುದು ಕಷ್ಟ. ಅದಕ್ಕೇ ಕಾಯಲಿಲ್ಲ. ಇದನ್ನು ಅವಳಿಗೆ ಆಗಲೇ ಹೇಳಿದ್ದೇನೆ.

ಏಪ್ರಿಲ್ ೧೪

ಅಳತೆ ಬಂತು. ಕಾಗದದ ಮೇಲೆ ಬರೆದು ಫೋಟೊ ತೆಗೆದು ಕಳಿಸಿದ್ದಾಳೆ. ಕ್ಷೇಮ ಗೀಮ ಏನೂ ಇಲ್ಲ, ಬರೀ ಅಂಕಿ. ದಕ್ಷಿಣದ ದೊಡ್ಡ ಕಿಟಕಿ: ಮೇಲೆ ೧೮೧೨, ಮಧ್ಯ ೧೮೦೬, ಕೆಳಗೆ ೧೮೦೯. ಕೇಳದಿದ್ದರೂ ಮೂಲೆಯಿಂದ ಮೂಲೆಗೆ ಹಿಡಿದ ಅಳತೆಯನ್ನೂ ಬರೆದಿದ್ದಾಳೆ. ಗೋಡೆ ಮೂಲೆಮಟ್ಟ ತಪ್ಪಿದ್ದರೆ ಅದರಲ್ಲೇ ಗೊತ್ತಾಗುವುದು. ಬೇಸಿಗೆ ರಜೆಯಲ್ಲಿ ಅಂಗಡಿಗೆ ಬಂದು ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಮರೆತಿಲ್ಲ.

ಮೂರರಲ್ಲಿ ಚಿಕ್ಕದನ್ನು ಹಿಡಿಯಬೇಕು, ಸುತ್ತ ಐದೈದು ಮಿಲಿಮೀಟರ್ ಬಿಡಬೇಕು.

ಏಪ್ರಿಲ್ ೧೮

ಉದಯಕುಮಾರ್‌ಗೆ ಕಾಗದ ತೋರಿಸಿದೆ. ನನ್ನ ಹತ್ತಿರ ಇಪ್ಪತ್ತೆರಡು ವರ್ಷದಿಂದ ಕಿಟಕಿ ಜೋಡಿಸುತ್ತಿರುವವನು. ಬಾಯಲ್ಲಿ ಬೋಂಡಾ ಇಟ್ಟುಕೊಂಡೇ, “ಅಲ್ಯೂಮಿನಿಯಂ ಹಾಕ್ಬಿಡಣ ಸಾರ್, ನಮ್ದೇ ಮಾಲು” ಎಂದ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಲ್ಲಿ ಚಳಿ ಮೈನಸ್ ಇಪ್ಪತ್ತಕ್ಕೆ ಇಳಿಯುತ್ತದೆ. ಬಸವೇಶ್ವರನಗರದ ಮನೆಗಳಿಗೆ ಹಾಕಿದ ಕಿಟಕಿ ಮಾಡಬೇಕಾದ ಕೆಲಸ ಗಾಳಿ ಬಿಡುವುದು, ಸೊಳ್ಳೆ ತಡೆಯುವುದು ಅಷ್ಟೇ.

ಅಲ್ಯೂಮಿನಿಯಂ, ಪ್ಲಾಸ್ಟಿಕ್, ತೇಗ, ಫೈಬರ್‌ಗ್ಲಾಸ್ — ನಾಲ್ಕು ತುಂಡುಗಳನ್ನು ಮನೆಗೆ ತಂದೆ. ಗಾಜಿನ ನೂಲನ್ನು ಅಂಟಿನಲ್ಲಿ ಅದ್ದಿ ಎಳೆದು ಮಾಡಿದ ಈ ಫೈಬರ್‌ಗ್ಲಾಸ್ ಚೌಕಟ್ಟನ್ನು ಪೀಣ್ಯದಲ್ಲಿ ಒಬ್ಬರು ಮಾಡುತ್ತಾರೆ. ನಾಲ್ಕನ್ನೂ ಫ್ರಿಜ್‌ನ ಮೇಲಿನ ಖಾನೆಯಲ್ಲಿ ಇಡಲು ಹೋದರೆ ಜಾಗವಿರಲಿಲ್ಲ. ಒಂದು ಸ್ಟೀಲ್ ಡಬ್ಬಿ ಅಡ್ಡ ಇತ್ತು. ತೆಗೆದು ನೋಡಿದೆ. ಹಿತಕಿದ ಅವರೆಬೇಳೆ. ಸಂಕ್ರಾಂತಿಗೆ ಮೊದಲು ಟಿವಿ ಮುಂದೆ ಕೂತು ಹಿತಕಿದ್ದು. “ವಚನಾ ಬಂದಾಗ ಆಗತ್ತೆ, ಆಮೇಲೆ ಎಲ್ಲಿ ಸಿಗುತ್ತೆ” ಎಂದಿದ್ದರು ನಮ್ಮ ಮನೆಯವರು.

ಡಬ್ಬಿಯನ್ನು ಒಳಕ್ಕೆ ತಳ್ಳಿ, ತುಂಡುಗಳನ್ನು ಅದರ ಪಕ್ಕ ನಿಲ್ಲಿಸಿದೆ.

ಏಪ್ರಿಲ್ ೧೯

ಅಲ್ಯೂಮಿನಿಯಂ ಮುಟ್ಟಿದರೆ ಬೆರಳು ಅಂಟಿಕೊಂಡಿತು. ಹೊರಗೆ ತೆಗೆದ ಗಳಿಗೆಯಲ್ಲೇ ಮೈತುಂಬ ಬಿಳಿ ಹಿಡಿದು ನೀರು ಸುರಿಸಲು ಶುರು. ಚಳಿಯನ್ನು ಹೊರಗಿನಿಂದ ಒಳಗೆ ಕರೆದು ತರುವ ಮಾಲು. ಪ್ಲಾಸ್ಟಿಕ್ ಪರವಾಗಿಲ್ಲ, ಆದರೆ ಅಷ್ಟು ಚಳಿಗೆ ಪೆಡಸಾಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ತೇಗ ಒಳ್ಳೆಯದೇ. ಆದರೆ ಅಲ್ಲಿನ ಒಣಗಾಳಿಗೆ ಸೀಳುತ್ತದೆ, ವರ್ಷಾವರ್ಷ ಎಣ್ಣೆ ಕುಡಿಸಬೇಕು. ಅವರಿಬ್ಬರಲ್ಲಿ ಯಾರು ಕುಡಿಸುತ್ತಾರೆ?

ಫೈಬರ್‌ಗ್ಲಾಸ್ ಮಾತ್ರ ಕೈಯಲ್ಲಿ ಹಿಡಿದು ನಿಂತುಕೊಳ್ಳುವಷ್ಟೇ ತಣ್ಣಗಿತ್ತು. ಗಾಜು ಎಷ್ಟು ಹಿಗ್ಗುತ್ತದೋ ಇದೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ, ಅದರಿಂದ ಗಾಜಿಗೂ ಚೌಕಟ್ಟಿಗೂ ಜಗಳವಿಲ್ಲ. ಐವತ್ತು ವರ್ಷ ಬಾಳುತ್ತದಂತೆ. ಅಷ್ಟು ಹೊತ್ತಿಗೆ ನೋಡುವುದಕ್ಕೆ ನಾನಿರುವುದಿಲ್ಲ, ಆದರೂ ಇದೇ ಆಗಲಿ.

ಉದಯಕುಮಾರ್ ಅಂದ, “ಸಾರ್, ನೀವೇ ಅಲ್ಯೂಮಿನಿಯಂ ಬ್ಯಾಡ ಅಂದ್ರೆ ಅಂಗ್ಡಿ ಬೋರ್ಡ್ ಏನ್ ಮಾಡಣ?” ಸುಮ್ಮನೆ ಕೆಲಸ ನೋಡು ಎಂದೆ.

ಮೇ ೧೧

ನಿನ್ನೆಯ ಗಾಳಿಮಳೆಗೆ ನಮ್ಮ ರಸ್ತೆಯ ಮರ ಬಿದ್ದು ಕರೆಂಟ್ ಕಂಬವೂ ಹೋಯಿತು. ಇವತ್ತು ಮಧ್ಯಾಹ್ನವಾದರೂ ಕರೆಂಟ್ ಇಲ್ಲ. ಫ್ರಿಜ್ ಅಡಿಯಿಂದ ನೀರು ಹರಿದು ಅಡುಗೆಮನೆ ತುಂಬಿತು. ಡಬ್ಬಿ ತೆಗೆದರೆ ಅವರೆಬೇಳೆಯ ಮೇಲಿನ ಮಂಜು ಪೂರ್ತಿ ಕರಗಿತ್ತು. ಪಕ್ಕದ ಮನೆ ವಿಮಲಮ್ಮ ನೋಡಿ, “ಇನ್ನು ಇಟ್ರೆ ಹಳಸತ್ತೆ ಅಣ್ಣ, ಇವತ್ತೇ ಮಾಡ್ಬಿಡಿ. ನಾನ್ ಮಾಡ್ಕೊಡ್ಲಾ?” ಎಂದರು. ಬೇಡ ಎಂದೆ.

ನಾನೇ ಮಾಡಿದೆ. ತೆಂಗಿನಕಾಯಿ, ಹಸಿಮೆಣಸಿನಕಾಯಿ ರುಬ್ಬಬೇಕು ಎಂದು ಗೊತ್ತು, ಎಷ್ಟು ಎಂದು ಗೊತ್ತಿಲ್ಲ. ಕರೆಂಟ್ ಇಲ್ಲದ್ದರಿಂದ ಕುಟ್ಟಾಣಿಯಲ್ಲಿ ಕುಟ್ಟಿದೆ. ಉಪ್ಪು ಹೆಚ್ಚಾಯಿತು. ಅನ್ನಕ್ಕೆ ಹಾಕಿಕೊಂಡು ಮೂರು ಸಲ ಬಡಿಸಿಕೊಂಡೆ. ಪಾತ್ರೆ ಖಾಲಿಯಾದ ಮೇಲೆ ವಿಮಲಮ್ಮನ ಮನೆಯಲ್ಲಿ ಇನ್ವರ್ಟರ್ ಇರುವುದು ನೆನಪಾಯಿತು. ಅವರ ಫ್ರಿಜ್‌ನಲ್ಲಿ ಅರ್ಧವನ್ನಾದರೂ ವಚನಾಗೆ ಎತ್ತಿಡಬಹುದಿತ್ತು. ಅವಳಿಗೆಂದೇ ಇಟ್ಟದ್ದು.

ಮತ್ತೆ ನಾನು ಕಾಯಲಿಲ್ಲ.

ಜೂನ್ ೩

ಗಾಜಿನ ಮುನಿವೆಂಕಟಪ್ಪನ ಅಂಗಡಿಗೆ ಹೋಗಿ ಜೋಡಿ ಗಾಜು ಹೇಳಿ ಬಂದೆ. ಎರಡು ಗಾಜು, ನಡುವೆ ಬೆರಳು ದಪ್ಪದ ಒಣಗಾಳಿ, ಸುತ್ತ ಗಾಳಿಯಾಡದಂತೆ ಮೊಹರು. ಒಳಗಾಜಿನ ಮೇಲೆ ಕಣ್ಣಿಗೆ ಕಾಣದ ಲೇಪ, ಮನೆಯ ಬಿಸಿಯನ್ನು ಮನೆಗೇ ಹಿಂದಿರುಗಿಸುವುದಕ್ಕೆ.

“ಒಂಟಿ ಗಾಜು ಯಾಕ್ ಬೆವರತ್ತೆ ಅಂತೀರಿ?” ಎಂದು ಆತ ಪಾಠ ಶುರು ಮಾಡಿದ. ನನಗೇ ಹೇಳಿಕೊಡುತ್ತಾನೆ! ಬೆಚ್ಚಗಿನ ಗಾಳಿ ತಣ್ಣಗಿನ ಗಾಜಿಗೆ ತಗುಲಿದರೆ ಗಾಳಿಯಲ್ಲಿನ ನೀರು ಹನಿಯಾಗಿ ಕೂರುತ್ತದೆ. ಒರೆಸಿದರೆ ಹೋಗುತ್ತದೆ, ಎರಡು ನಿಮಿಷಕ್ಕೆ ಮತ್ತೆ ಬರುತ್ತದೆ. ಒಂದು ಕಡೆ ಚಳಿ, ಇನ್ನೊಂದು ಕಡೆ ಜನ ಇರುವವರೆಗೂ ಬರುತ್ತಲೇ ಇರುತ್ತದೆ. ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?

ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಜೂನ್ ೨೮

ಮೊದಲ ಎರಡು ಕಿಟಕಿ ಲಾರಿಗೆ ಹಾಕಿದೆವು, ಪರೀಕ್ಷೆಗೆ. ಥರ್ಮೊಕೋಲ್, ಕಂಬಳಿ, ಮರದ ಪೆಟ್ಟಿಗೆ. ಉದಯಕುಮಾರ್ ಪೆಟ್ಟಿಗೆಗೆ ಊದುಬತ್ತಿ ಬೆಳಗಿದ. ದೆಹಲಿ, ಮನಾಲಿ ದಾರಿಯಾಗಿ ಹನ್ನೆರಡು ದಿನವಂತೆ.

ಜುಲೈ ೧೨

ಒಂದು ಒಡೆದಿದೆ. ಇನ್ನೊಂದರ ಗಾಜು ಎರಡೂ ಬದಿಗೆ ಪೂರಿಯ ಹಾಗೆ ಉಬ್ಬಿದೆ. ನುರ್ಬು ಫೋಟೊ ಕಳಿಸಿದ್ದಾನೆ, ಅದರಲ್ಲಿ ಬೆಟ್ಟದ ಪ್ರತಿಬಿಂಬ ಸೊಟ್ಟಗಿದೆ. ಲಾರಿಯವನ ತಪ್ಪು ಎಂದು ಬೆಳಗಿನಿಂದ ಅವನನ್ನು ಬೈದೆ. ಆಮೇಲೆ ವಚನಾ ಫೋನ್ ಮಾಡಿದಳು.

“ಲಾರಿಯವನದಲ್ಲ ಅಪ್ಪ. ನೀವು ಮೂರು ಸಾವಿರ ಅಡಿ ಎತ್ತರದಲ್ಲಿ ಗಾಳಿ ತುಂಬಿ ಮೊಹರು ಹಾಕಿದೀರ. ಅದು ಹದಿನೇಳು ಸಾವಿರ ಅಡಿ ಘಾಟಿ ಹತ್ತಿ ಬಂದಿದೆ. ಇಲ್ಲಿ ಗಾಳಿ ತೆಳು. ಒಳಗಿರೋದಕ್ಕೆ ತಡ್ಕೊಳಕ್ಕಾಗದೆ ಹಿಗ್ಗಿದೆ. ಬಿಸ್ಕತ್ ಪೊಟ್ಟಣ ಕೂಡ ಇಲ್ಲಿಗೆ ಬಂದ್ರೆ ಉಬ್ಬತ್ತೆ.”

ಮೂವತ್ತೈದು ವರ್ಷ ಕಿಟಕಿ ಮಾಡಿದವನು ನಾನು. ಬೆಂಗಳೂರಿನ ಗಾಳಿಯನ್ನು ಗಾಜಿನೊಳಗೆ ಕೂಡಿಹಾಕಿ ಹಿಮಾಲಯಕ್ಕೆ ಕಳಿಸಿದೆ. ನಾಚಿಕೆಯಾಯಿತು.

“ಒಡೆದ ಗಾಜು ಎಸೀಬೇಕಾ?” ಎಂದಳು. ಎಸಿ ಎಂದೆ. “ನಮ್ಮನೆ ಗಾಳಿ ಇತ್ತಲ್ವಾ ಅದ್ರಲ್ಲಿ” ಎಂದಳು. ಮುನಿವೆಂಕಟಪ್ಪನ ಅಂಗಡಿಯ ಗಾಳಿ ಎಂದು ಹೇಳಬಹುದಿತ್ತು. ಹೇಳಲಿಲ್ಲ.

“ಅಪ್ಪ, ನಾನು ಕೇಳಿದ್ದು?” ಎಂದಳು.

ಅಂಗಡಿಗೆ ಗಿರಾಕಿ ಬಂದಿದ್ದಾರೆ ಎಂದು ಸುಳ್ಳು ಹೇಳಿದೆ.

ಆಗಸ್ಟ್ ೭

ದಾರಿ ಸಿಕ್ಕಿದೆ. ಎರಡು ಗಾಜಿನ ನಡುವಿನ ಪಟ್ಟಿಯೊಳಗೆ ಸೂಜಿಗಿಂತ ಸ್ವಲ್ಪ ದಪ್ಪದ ನಳಿಕೆ ಇಡುವುದು. ದಾರಿಯುದ್ದಕ್ಕೂ ಅದು ತೆರೆದಿರುತ್ತದೆ, ಗಾಜು ಏರಿದಂತೆ ಉಸಿರು ಬಿಡುತ್ತದೆ. ಊರು ತಲುಪಿದ ಮೇಲೆ ಎರಡು ದಿನ ಸುಮ್ಮನೆ ನಿಲ್ಲಿಸಿ, ಆ ಊರಿನ ಗಾಳಿಗೆ ಹೊಂದಿಕೊಂಡ ಮೇಲೆ ನಳಿಕೆ ಮುಚ್ಚಬೇಕು. ಅವಸರ ಮಾಡಿದರೆ ಕೆಟ್ಟಿತು, ಸರಿಯಾಗಿ ಮುಚ್ಚದಿದ್ದರೆ ಒಳಗೆ ತೇವ ಸೇರಿ ಗಾಜು ಶಾಶ್ವತವಾಗಿ ಮಬ್ಬಾಗುತ್ತದೆ. ಆಮೇಲೆ ಒರೆಸುವುದಕ್ಕೂ ಆಗದು.

“ಇದು ಫೋನಲ್ಲಿ ಹೇಳ್ಕೊಡೋ ಕೆಲ್ಸ ಅಲ್ಲ ಸಾರ್, ನೀವೇ ಹೋಗ್ಬೇಕು” ಎಂದ ಉದಯಕುಮಾರ್.

“ನೀನು ಹೋಗು.”

“ನಾನ್ಯಾಕ್ ಹೋಗ್ಲಿ? ನಿಮ್ಮ ಮಗಳ ಮನೆ.” ಸ್ವಲ್ಪ ಹೊತ್ತು ಸ್ಕ್ರೂಗಳನ್ನು ವಿಂಗಡಿಸುತ್ತಾ ಇದ್ದು ಹೇಳಿದ, “ಅಮ್ಮಾವ್ರು ಹೋದಾಗ್ಲೂ ಹೇಳ್ದೆ ಸಾರ್ ನಾನು. ಫ್ರೀಜರ್ ಬಾಕ್ಸ್ ಇನ್ನೊಂದ್ ದಿನ ಇರ್ಲಿ, ಮಗು ಬರ್ತಾ ಇದೆ ಅಂತ. ಸ್ವಾಮಿಗಳೂ ಕೂರಿಸ್ಬೋದು, ತೊಂದ್ರೆ ಇಲ್ಲ ಅಂದ್ರು. ನೀವ್ ಕೇಳ್ಲಿಲ್ಲ.”

ಎದ್ದು ಮನೆಗೆ ಹೋಗು ಎಂದು ಕೂಗಿದೆ. ಹೋದ. ಸಂಜೆ ನಾನೇ ಫೋನ್ ಮಾಡಿ ನಾಳೆ ಬಾ ಎಂದೆ. ಇಷ್ಟು ವರ್ಷದಲ್ಲಿ ಅವನ ಮೇಲೆ ಕೂಗಿದ್ದು ಇದೇ ಮೊದಲು.

ಆಗಸ್ಟ್ ೮

ಸ್ವಾಮಿಗಳು ಹಾಗೆ ಹೇಳಿದ್ದು ನಿಜ.

ಆಗಸ್ಟ್ ೧೧

ಬರೆದುಬಿಡುತ್ತೇನೆ. ಯಾರೂ ಓದುವುದಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಆ ಫ್ರೀಜರ್ ಪೆಟ್ಟಿಗೆ ಬಂತು. ನಡುಮನೆಯಲ್ಲಿಟ್ಟು ಜಯದೇವಿಯನ್ನು ಒಳಗೆ ಮಲಗಿಸಿದರು. ಮೇಲೆ ಒಂಟಿ ಗಾಜು, ಸುತ್ತ ಅಲ್ಯೂಮಿನಿಯಂ ಚೌಕಟ್ಟು. ನಾನು ಮಾರುವಂಥದ್ದೇ. ಜನ ಬರತೊಡಗಿದರು, ಮನೆ ಬೆಚ್ಚಗಾಯಿತು, ಗಾಜು ಬೆವರಲು ಶುರುವಾಯಿತು. ಅವಳ ಮುಖ ಕಾಣದಾಯಿತು. ಹೆಗಲ ಮೇಲಿನ ಟವೆಲ್ ತೆಗೆದು ಒರೆಸಿದೆ. ಕಂಡಳು. ಮತ್ತೆ ಮಸುಕಾಯಿತು. ಮತ್ತೆ ಒರೆಸಿದೆ. ಬಂದವರು ಪಾಪ ಎಂದರು, ಕೂತ್ಕೊಳ್ಳಿ ಎಂದರು. ಕೂತರೆ ಅವಳು ಹೋಗಿಬಿಡುತ್ತಿದ್ದಳು. ಮಂಗಳವಾರ ಇಡೀ ದಿನ ಒರೆಸಿದೆ, ಬುಧವಾರ ಬೆಳಿಗ್ಗೆಯೂ ಒರೆಸಿದೆ. ಪ್ರತಿ ಸಲ ಹನಿ ಕೂತಾಗಲೂ ಅವಳು ಇನ್ನೊಮ್ಮೆ ಸತ್ತ ಹಾಗೆ ಆಗುತ್ತಿತ್ತು.

ವಿಮಾನ ಇಲ್ಲ, ನಾಳೆ ಬರುತ್ತೇನೆ, ಕಾಯಿರಿ ಅಪ್ಪ ಎಂದು ವಚನಾ ಫೋನಿನಲ್ಲಿ ಅತ್ತಾಗ ನನಗೆ ಅನಿಸಿದ್ದು ಒಂದೇ. ಇನ್ನೊಂದು ದಿನ ಈ ಗಾಜನ್ನು ಒರೆಸಲು ನನ್ನ ಕೈಲಿ ಆಗುವುದಿಲ್ಲ. ಅದಕ್ಕೇ ನಮ್ಮ ಪದ್ಧತಿ ಎಂದೆ, ಮೈ ಸೆಟೆಯುತ್ತದೆ ಎಂದೆ.

ನನಗೆ ತಡೆಯಲಾಗಲಿಲ್ಲ. ಅದಕ್ಕೆ ಮಗಳು ಅವಳಮ್ಮನ ಮುಖ ನೋಡಲಿಲ್ಲ. ಇಷ್ಟೇ.

ಸೆಪ್ಟೆಂಬರ್ ೨೪, ಲೇಹ್

ಕಿಟಕಿಗಳು ನನಗಿಂತ ಒಂದು ದಿನ ಮೊದಲೇ ಬಂದಿದ್ದವು. ಏಳರಲ್ಲಿ ಒಂದೂ ಒಡೆದಿಲ್ಲ. ಗಾಜು ಚಪ್ಪಟೆ.

ವಿಮಾನ ನಿಲ್ದಾಣಕ್ಕೆ ಇಬ್ಬರೂ ಬಂದಿದ್ದರು. ನುರ್ಬು ಕಾಲಿಗೆ ಬಿದ್ದು “ಊಟ ಆಯ್ತಾ ಅಪ್ಪಾಜಿ” ಎಂದ. ವಚನಾ ಚೀಲ ಇಸಿದುಕೊಂಡಳು. ತೆಳ್ಳಗಾಗಿದ್ದಾಳೆ. ಎರಡು ದಿನ ಮಲಗಿಯೇ ಇರಬೇಕು, ಮೈ ಎತ್ತರಕ್ಕೆ ಹೊಂದಿಕೊಳ್ಳಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದಳು. ಆ ಗದರಿಕೆ ಪೂರ್ತಿ ಅವಳಮ್ಮನದು. ತಲೆ ಸಿಡಿಯುತ್ತಿದೆ. ಹಾಲ್‌ನಲ್ಲಿ ಗೋಡೆಗೆ ಒರಗಿಸಿದ ಕಿಟಕಿಗಳೂ, ಹಾಸಿಗೆಯಲ್ಲಿ ನಾನೂ ಒಟ್ಟಿಗೆ ಕಾಯುತ್ತಿದ್ದೇವೆ.

ಸೆಪ್ಟೆಂಬರ್ ೨೬

ಇವತ್ತು ನಳಿಕೆ ಮುಚ್ಚಿದೆವು. ಇಕ್ಕಳದಲ್ಲಿ ಅದುಮಿ, ಮಡಿಸಿ, ಮೇಲೆ ಅಂಟು ತುಂಬುವುದು. ನುರ್ಬು ಕೆಲಸಕ್ಕೆ ಹೋಗಿದ್ದ. ವಚನಾ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ದಳು, ಚಿಕ್ಕಂದಿನಲ್ಲಿ ಟೇಪ್ ಹಿಡಿದು ಕೂರುತ್ತಿದ್ದ ಹಾಗೆ. ಆರು ಮುಗಿದವು. ಏಳನೆಯದಕ್ಕೆ ಇಕ್ಕಳ ಹಾಕಿ ಅದುಮುವ ಮೊದಲು ಹೇಳಿದೆ.

“ಗಾಜು ಬೆವರ್ತಿತ್ತು ವಚನಾ.”

ಯಾವ ಗಾಜು ಎಂದು ಅವಳು ಕೇಳಲಿಲ್ಲ. ಟಾರ್ಚ್ ಆರಿಸಿದಳು.

ಎಲ್ಲ ಹೇಳಿದೆ. ಪುಸ್ತಕದಲ್ಲಿ ಬರೆದದ್ದಕ್ಕಿಂತ ಹೆಚ್ಚಾಗಿಯೇ ಹೇಳಿದೆ. ಸ್ವಾಮಿಗಳು ಕಾಯಬಹುದು ಎಂದದ್ದು, ನಾನು ಪದ್ಧತಿಯ ಹೆಸರು ಹೇಳಿದ್ದು. ಆಮೇಲೆ ಅವಳು ಕೇಳಿದ್ದಕ್ಕೆ ಉತ್ತರ ಹೇಳಿದೆ. ಮುಖ ಊದಿರಲಿಲ್ಲ. ವಿಭೂತಿ ಮೂರು ಗೆರೆ, ನಡುವಿನದು ಸ್ವಲ್ಪ ಓರೆಯಾಗಿತ್ತು. ಹಚ್ಚಿದ್ದು ವಿಮಲಮ್ಮ. ನೀನು ಇಲ್ಲಿಂದ ತಂದುಕೊಟ್ಟಿದ್ದ ನೀಲಿ ಶಾಲು ಹೊದಿಸಿದ್ದೆವು. ಎಡಗಡೆಯ ತುಟಿಯ ತುದಿ, ನನ್ನ ಮಾತಿಗೆ ನಗು ಬಂದರೂ ನಗಬಾರದು ಎಂದು ಹಿಡಿಯುತ್ತಿದ್ದಳಲ್ಲ, ಹಾಗೆ ಇತ್ತು. ಒರೆಸಿದಾಗಲೆಲ್ಲ ಮೊದಲು ಕಾಣುತ್ತಿದ್ದದ್ದು ಅದೇ.

ವಚನಾ ಬಹಳ ಹೊತ್ತು ಅತ್ತಳು. ನಾನೂ ಅತ್ತೆ. ಜಯ ಹೋದ ಮೇಲೆ ಅತ್ತದ್ದು ಇದೇ ಮೊದಲು ಎಂದು ಬರೆಯುವಾಗ ಹೊಳೆಯುತ್ತಿದೆ.

“ಒಂದ್ ದಿನ ಅಪ್ಪ. ಒಂದೇ ಒಂದ್ ದಿನ” ಎಂದಳು.

“ಹೌದು ಮಗಳೇ.”

“ನಾನ್ ಬಂದಿದ್ರೆ ನಾನ್ ಒರೆಸ್ತಿದ್ದೆ. ನೀವು ಕೂತ್ಕೋಬಹುದಿತ್ತು.”

ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಒಂದು ದಿನವಾದ ಮೇಲೆ ನನ್ನ ಕೈಯಿಂದ ಟವೆಲ್ ತೆಗೆದುಕೊಳ್ಳಲು ಒಬ್ಬಳು ಬರುತ್ತಿದ್ದಾಳೆ ಎಂದು ಹೊಳೆದಿರಲಿಲ್ಲ.

ಕಣ್ಣು ಒರೆಸಿಕೊಂಡು ಟಾರ್ಚ್ ಹಾಕಿದಳು. “ಮುಚ್ಚಿ ಅಪ್ಪ, ತೇವ ಸೇರತ್ತೆ” ಎಂದಳು. ಮುಚ್ಚಿದೆ.

ಅಕ್ಟೋಬರ್ ೨

ಏಳೂ ಕಿಟಕಿ ಕೂತವು. ವಚನಾ ಕ್ಷಮಿಸಿದ್ದೇನೆ ಎಂದು ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಇವತ್ತು ಸಂಜೆ ಇದ್ದಕ್ಕಿದ್ದಂತೆ ಅವರೆಬೇಳೆ ವಿಷಯ ಹೇಳಿದೆ, ಉಪ್ಪು ಹೆಚ್ಚಾದದ್ದನ್ನೂ. ಒಂದು ಗಳಿಗೆ ನಕ್ಕಳು, ಆಮೇಲೆ ಎದ್ದು ಒಳಗೆ ಹೋದಳು. ಉದಯಕುಮಾರ್ ದಿನಾ ಫೋನ್ ಮಾಡಿ ಯಾವಾಗ ಬರುತ್ತೀರಿ ಎನ್ನುತ್ತಾನೆ. ಚಳಿ ಬೀಳಲಿ, ಕಿಟಕಿ ಹೇಗಿದೆ ನೋಡಿ ಬರುತ್ತೇನೆ ಎಂದೆ.

ಅಕ್ಟೋಬರ್ ೨೧

ಬೆಳಿಗ್ಗೆ ಹೊರಗೆ ಮೈನಸ್ ಏಳು. ಒಳಗೆ ಒಲೆ ಉರಿಯುತ್ತಿತ್ತು, ಮೇಲೆ ನೀರು ಕುದಿಯುತ್ತಿತ್ತು. ಗಾಜು ಬೆವರುವುದಕ್ಕೆ ಬೇಕಾದದ್ದೆಲ್ಲ ಇತ್ತು. ಎದ್ದವನೇ ಟವೆಲ್ ಹಿಡಿದು ದಕ್ಷಿಣದ ದೊಡ್ಡ ಕಿಟಕಿಗೆ ಹೋದೆ.

ವಚನಾ ಹೊರಗೆ ನಿಂತು ಸೌದೆ ಆರಿಸುತ್ತಿದ್ದಳು. ಅಮ್ಮನಿಗೆ ಕೊಟ್ಟಿದ್ದ ನೀಲಿ ಶಾಲಿನ ಜೋಡಿಯನ್ನು ತಲೆಗೆ ಸುತ್ತಿಕೊಂಡಿದ್ದಳು. ನನ್ನನ್ನು ಕಂಡು ಕಿಟಕಿಯ ಹತ್ತಿರ ಬಂದು ಗಾಜಿನ ಆಚೆ ನಿಂತಳು. ಕಣ್ಣು, ಮೂಗು, ಚಳಿಗೆ ಒಡೆದ ತುಟಿ, ನಗು ಹಿಡಿದುಕೊಂಡ ಎಡಗಡೆಯ ತುದಿ, ಎಲ್ಲ ಸ್ಪಷ್ಟವಾಗಿ ಕಂಡವು. ಎಷ್ಟು ಹೊತ್ತು ನೋಡಿದರೂ ಮಸುಕಾಗಲಿಲ್ಲ.

ಗಾಜಿನ ಮೇಲೆ ಒಂದು ಹನಿಯೂ ಇರಲಿಲ್ಲ. ಆದರೂ ಒಮ್ಮೆ ಒರೆಸಿದೆ.